ಪೀಟರ್ಸನ್ ಫ್ಲೇಕ್: ಅವಸರ ಇಲ್ಲದವರಿಗೆ ಒಂದು ಹಗುರ ವರ್ಜೀನಿಯಾ

ಮೊದಲೇ ಹೇಳಿಬಿಡುತ್ತೇನೆ, ಪೀಟರ್ಸನ್ ಫ್ಲೇಕ್ ಅನ್ನುವ ಈ ಪೈಪ್ ತಂಬಾಕು ನನಗೆ ತುಂಬಾ ಇಷ್ಟ. ಫ್ಲೇಕ್ ಅಂದರೆ ಎಲೆಯನ್ನು ಒತ್ತಿ ತೆಳು ಹಾಳೆಯಾಗಿ ಕೊಯ್ದದ್ದು, ವರ್ಜೀನಿಯಾ ಅನ್ನುವುದು ತಂಬಾಕಿನ ಒಂದು ಜಾತಿ. ಹಗುರ ವರ್ಜೀನಿಯಾ ಅಂದರೆ ಸಪ್ಪೆ, ಹೊಸಬರು ಸೇದುವಂಥದ್ದು ಅಂತ ಎಷ್ಟೋ ಜನ ಪಕ್ಕಕ್ಕಿಡುತ್ತಾರೆ. ಪೀಟರ್ಸನ್ ಫ್ಲೇಕನ್ನು ಸರಿಯಾಗಿ ಒಣಗಿಸಿ, ನಿಧಾನಕ್ಕೆ ಸೇದಿ ನೋಡಿದವರು ಆ ಮಾತು ಆಡಲಾರರು. ಒಣಗಿಸದೆ, ಗಡಿಬಿಡಿಯಲ್ಲಿ ಎಳೆದರೆ ಮಾತ್ರ ಸಿಗುವುದು ಬರೀ ಬಿಸಿ ಹೊಗೆ. ಹಾಗಾಗಿ ಡಬ್ಬಿಯೊಳಗೆ ಏನಿದೆ ಅನ್ನೋದರ ಜೊತೆಗೆ, ನಮ್ಮ ಕಲಬುರಗಿ ಹವೆಯಲ್ಲಿ ಅದನ್ನು ಹೇಗೆ ನೋಡಿಕೊಳ್ಳಬೇಕು ಅನ್ನೋದನ್ನೂ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಹಳಬರಿಗೆ ಇದು ಡನ್‌ಹಿಲ್ ಫ್ಲೇಕ್ ಅಂತ ಗೊತ್ತು. ಅದಕ್ಕೂ ಮುಂಚೆ ಲೈಟ್ ಫ್ಲೇಕ್ ಅಂತಿತ್ತು. ಆಲ್ಫ್ರೆಡ್ ಡನ್‌ಹಿಲ್ 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ತಂಬಾಕಿನ ಅಂಗಡಿ ತೆರೆದರು, ಗಿರಾಕಿಯ ರುಚಿಗೆ ತಕ್ಕಂತೆ ಎಲೆ ಬೆರೆಸಿ ಕೊಡುತ್ತಿದ್ದ ಅಂಗಡಿ ಅದು. ಆ ಹೆಸರಿನ ಪೈಪ್ ತಂಬಾಕು 2018ರಲ್ಲಿ ನಿಂತುಹೋಯಿತು. ಮರುವರ್ಷ ಅವೇ ಮಿಶ್ರಣಗಳು ಡಬ್ಲಿನ್ನಿನ ಹಳೆಯ ಪೈಪ್ ಕಂಪನಿ ಪೀಟರ್ಸನ್ ಹೆಸರಲ್ಲಿ ಮತ್ತೆ ಬಂದವು. ತಯಾರಾಗುವುದು ಡೆನ್ಮಾರ್ಕಿನಲ್ಲಿ. 50 ಗ್ರಾಂನ ದುಂಡನೆ ಡಬ್ಬಿ. ಹಳೆಯ ಡನ್‌ಹಿಲ್ ಡಬ್ಬಿಗೂ ಇದಕ್ಕೂ ರುಚಿ ಒಂದೇನಾ ಅಂತ ವಾದ ಮಾಡುವವರು ಮಾಡುತ್ತಲೇ ಇರುತ್ತಾರೆ. ನನ್ನ ಕೈಯಲ್ಲಿರುವುದು ಪೀಟರ್ಸನ್ ಡಬ್ಬಿ, ನಾನು ಬರೆಯುತ್ತಿರುವುದು ಅದರ ಬಗ್ಗೆ.

ಮುಚ್ಚಳ ತೆಗೆದ ಕೂಡಲೇ ಬರುವ ವಾಸನೆ ನಮ್ಮ ಕಡೆಯವರಿಗೆ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಜೋಳದ ಕಣಿಕೆ ಒಟ್ಟಿರುತ್ತಾರಲ್ಲ, ಆ ಬಣವೆ ಪಕ್ಕ ಬೆಳಿಗ್ಗೆ ನಿಂತರೆ ಮೂಗಿಗೆ ಬರುವ ಸಿಹಿ ಇದರಲ್ಲೂ ಇದೆ. ಅದರ ಹಿಂದೆ ಒಂದು ತೆಳುವಾದ ಹುಳಿ, ನಿಂಬೆ ಸಿಪ್ಪೆಯ ಛಾಯೆ. ವೆನಿಲ್ಲಾ, ಚೆರ್ರಿ, ರಮ್ಮು ಇಂಥದ್ದೇನಾದರೂ ಮೇಲೆ ಹಾಕಿದ್ದಾರಾ ಅಂತ ಎಷ್ಟು ಮೂಸಿದರೂ ನನಗೆ ಸಿಗಲಿಲ್ಲ. ಎಲೆಯ ಬಣ್ಣ ನಸುಕಂದು, ನಡುನಡುವೆ ಹಳದಿ ಎಳೆಗಳು. ಒತ್ತಿ ಗಟ್ಟಿ ಮಾಡಿದ ಎಲೆಯನ್ನು ತೆಳುವಾಗಿ ಕೊಯ್ದಿದ್ದಾರೆ, ಬೆರಳಲ್ಲಿ ಹಿಡಿದರೆ ಮೆತ್ತಗೆ ಬಾಗುತ್ತದೆ.

ಮೇಲೆ ಏನೂ ಹಾಕದೆ ಈ ಸಿಹಿ ಎಲ್ಲಿಂದ ಬರುತ್ತದೆ? ಎಲೆ ಒಣಗಿಸುವ ರೀತಿಯಿಂದ. ವರ್ಜೀನಿಯಾ ಎಲೆಯನ್ನು ಕೋಲಿಗೆ ಕಟ್ಟಿ ಬ್ಯಾರನ್ ಅನ್ನುವ ಒಣಗಿಸುವ ಮನೆಯೊಳಗೆ ತೂಗುಹಾಕುತ್ತಾರೆ. ಹೊರಗಿನ ಒಲೆಯ ಬಿಸಿ ಕೊಳವೆಗಳಲ್ಲಿ ಹಾದು ಒಳಗೆ ಬರುತ್ತದೆ, ಹೊಗೆ ಎಲೆಗೆ ತಾಗುವುದಿಲ್ಲ. ಮೊದಮೊದಲು ಶಾಖ 35ರಿಂದ 40 ಡಿಗ್ರಿ ಇರುತ್ತದೆ. ಎಲೆ ಹಳದಿ ತಿರುಗುವುದು ಆಗಲೇ, ಅದರೊಳಗಿನ ಪಿಷ್ಟ ಸಕ್ಕರೆ ಆಗುವುದೂ ಆಗಲೇ. ಆಮೇಲೆ 70 ಡಿಗ್ರಿ ಆಸುಪಾಸಿಗೆ ಏರಿಸಿ ನಡುನರದ ಸಮೇತ ಒಣಗಿಸಿದರೆ ಆ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಎಲ್ಲ ಸೇರಿ ಸುಮಾರು ಒಂದು ವಾರದ ಕೆಲಸ. ಬರ್ಲಿ ಅನ್ನುವ ಇನ್ನೊಂದು ಜಾತಿ ಎಲೆಯನ್ನು ನೆರಳಲ್ಲಿ ವಾರಗಟ್ಟಲೆ ಒಣಗಿಸುವುದರಿಂದ ಅದರ ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಹೋಗಿಬಿಡುತ್ತದೆ, ಅದಕ್ಕೇ ಬರ್ಲಿಗೆ ಹೊರಗಿನಿಂದ ಸಿಹಿ ಸೇರಿಸುವುದು ಜಾಸ್ತಿ.

ಈ ಬ್ಯಾರನ್ ಕೆಲಸ ನಮ್ಮ ರಾಜ್ಯಕ್ಕೆ ದೂರದ್ದೂ ಅಲ್ಲ. ಹುಣಸೂರು, ಪಿರಿಯಾಪಟ್ಟಣ ಕಡೆ ಬೆಳೆಯುವುದು ಇದೇ ವರ್ಜೀನಿಯಾ ಜಾತಿ. ತಂಬಾಕು ಮಂಡಳಿಯ ಹರಾಜಿನಲ್ಲಿ ಮಾರಾಟವಾಗಿ ಸಿಗರೇಟಿಗೆ, ರಫ್ತಿಗೆ ಹೋಗುತ್ತದೆ. ಹುಣಸೂರಿನ ಎಲೆಯನ್ನೇ ಒತ್ತಿ, ಕೊಯ್ದು, ಒಂದು ಒಳ್ಳೆ ಪೈಪ್ ಫ್ಲೇಕ್ ಮಾಡಿ ಇಲ್ಲೇ ಮಾರಿದರೆ ನಾನಂತೂ ಮೊದಲ ಗಿರಾಕಿ.

ಈಗ ಒಣಗಿಸುವ ವಿಷಯ. ಡಬ್ಬಿಯಲ್ಲಿ ಈ ಫ್ಲೇಕ್ ಹಸಿಯಾಗಿ ಬರುತ್ತದೆ. ತೇವ ಇದ್ದಂತೆ ಸೇದಿದರೆ ಹೊಗೆಯ ಜೊತೆ ಹಬೆಯೂ ಬಾಯಿಗೆ ಬಂದು ನಾಲಿಗೆ ಚುರುಗುಟ್ಟುತ್ತದೆ. ಸಕ್ಕರೆ ಜಾಸ್ತಿ ಇರುವ ವರ್ಜೀನಿಯಾದಲ್ಲಿ ಈ ಕಾಟ ಎಲ್ಲರಿಗೂ ಗೊತ್ತಿದ್ದದ್ದೇ. ಇಂಗ್ಲೆಂಡಿನವರು ಒಣಗಿಸಲು ಹೇಳುವ ಹೊತ್ತಿನ ಲೆಕ್ಕ ಕಲಬುರಗಿಗೆ ಹೊಂದುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಫ್ಯಾನಿನ ಕೆಳಗೆ ಬಿಟ್ಟು ಒಂದು ಫೋನ್ ಮಾತು ಮುಗಿಸಿ ಬರುವಷ್ಟರಲ್ಲಿ ಎಲೆ ಪುಡಿಪುಡಿ ಆಗಿರುತ್ತದೆ. ಪೂರ್ತಿ ಒಣಗಿದ ಎಲೆಯೂ ಕೆಟ್ಟದ್ದೇ, ಬೇಗ ಉರಿದು ಸಿಹಿ ಸಿಗದೆ ಬರೀ ಖಾರ ಉಳಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಫ್ಲೇಕನ್ನು ಬಿಡಿಸದೆ, ಹಾಳೆ ಹಾಳೆಯಾಗಿಯೇ, ನೆರಳಿರುವ ಕೋಣೆಯಲ್ಲಿ ಕಾಗದದ ಮೇಲೆ ಇಡಿ. ಮಾಳಿಗೆಯ ಶಹಾಬಾದ್ ಪರಸಿ ಮೇಲೆ ಇಡುವುದು ಬೇಡವೇ ಬೇಡ, ಹೊತ್ತು ಮುಳುಗಿದ ಮೇಲೂ ಆ ಕಲ್ಲು ಕಾದಿರುತ್ತದೆ. ಮಳೆಗಾಲದಲ್ಲಿ ಮಾತ್ರ ಉದ್ದಕ್ಕೆ ಬಿಡಿಸಿ ಜಾಸ್ತಿ ಹೊತ್ತು ಇಡಬೇಕಾಗುತ್ತದೆ. ಒಣಗಿದೆಯೋ ಇಲ್ಲವೋ ನೋಡಲು ಎರಡು ಬೆರಳಲ್ಲಿ ಒತ್ತಿ: ಅಂಟಬಾರದು, ಒಡೆಯಲೂಬಾರದು, ಬಿಟ್ಟರೆ ನಿಧಾನಕ್ಕೆ ಬಿಚ್ಚಿಕೊಳ್ಳಬೇಕು.

ತುಂಬುವ ವಿಷಯಕ್ಕೆ ಬಂದರೆ ಎರಡು ದಾರಿ ಇವೆ. ಹಾಳೆಯನ್ನು ಮಡಚಿ ಹಾಗೇ ಬೌಲಿಗೆ, ಅಂದರೆ ಪೈಪಿನ ಬಟ್ಟಲಿಗೆ, ತುರುಕಬಹುದು. ಇಲ್ಲವೇ ಅಂಗೈಯಲ್ಲಿ ತಿಕ್ಕಿ ಎಳೆ ಎಳೆ ಬಿಡಿಸಿ ಸಡಿಲವಾಗಿ ತುಂಬಬಹುದು. ಮಡಚಿದ್ದು ನಿಧಾನಕ್ಕೆ ಉರಿಯುತ್ತದೆ, ತಣ್ಣಗಿರುತ್ತದೆ, ಆದರೆ ಮೇಲಿಂದ ಮೇಲೆ ಆರಿಹೋಗುತ್ತದೆ. ನನಗೆ ಕೆಳಗೆ ಮಡಚಿದ ತುಂಡು, ಮೇಲೆ ತಿಕ್ಕಿದ ಪುಡಿ ಹಾಕುವುದು ಸರಿಹೋಗಿದೆ. ಪುಡಿ ಬೇಗ ಹತ್ತಿಕೊಳ್ಳುತ್ತದೆ, ಕೆಳಗಿನದಕ್ಕೆ ಅದರಿಂದ ಕೆಂಡ ಸಿಗುತ್ತದೆ. ಕಡ್ಡಿ ಗೀರಿ ಒಮ್ಮೆ ಹಚ್ಚಿದರೆ ಎಲೆ ಉಬ್ಬಿ ಮೇಲೇಳುತ್ತದೆ, ಟ್ಯಾಂಪರ್ ಅನ್ನುವ ಒತ್ತುಕಡ್ಡಿಯಿಂದ ಮೆತ್ತಗೆ ಒತ್ತಿ ಇನ್ನೊಮ್ಮೆ ಹಚ್ಚಿ. ದೊಡ್ಡ ಬೌಲು ಬೇಡ. ಕಿರಿದಾದ ಸಣ್ಣ ಬೌಲಿನ ಬ್ರೈಯರ್ ಕಟ್ಟಿಗೆಯ ಪೈಪ್ ಸಾಕು. ಬೇರೆ ಯಾವುದಾದರೂ ಘಾಟು ತಂಬಾಕು ಸೇದಿದ ಪೈಪನ್ನು ಇದಕ್ಕೆ ತೆಗೆದುಕೊಳ್ಳಬೇಡಿ, ಹಳೆಯ ವಾಸನೆ ಇದರ ತೆಳು ರುಚಿಯನ್ನು ನುಂಗಿಬಿಡುತ್ತದೆ. ಮೆಕ್ಕೆಜೋಳದ ದಿಂಡಿನಿಂದ ಮಾಡಿದ ಅಮೆರಿಕದ ಪೈಪುಗಳು ಬರುತ್ತವಲ್ಲ, ಅಗ್ಗದವು, ಅಂಥದ್ದೊಂದನ್ನು ಬರೀ ವರ್ಜೀನಿಯಾಗೆ ಅಂತ ಎತ್ತಿಟ್ಟರೂ ಆಯ್ತು.

ರುಚಿ ಹೀಗಿದೆ. ಶುರುವಿನಲ್ಲಿ ಒಣಹುಲ್ಲು, ನಿಂಬೆ, ಸ್ವಲ್ಪ ಚುರುಕು. ಕೆಂಡ ಕೂತ ಮೇಲೆ ಚುರುಕು ಇಳಿದು ಸಿಹಿ ಮೇಲಕ್ಕೆ ಬರುತ್ತದೆ, ಆಗ ಆಗ ತಾನೇ ಸುಟ್ಟ ಬ್ರೆಡ್ಡಿನ ವಾಸನೆ ಮೂಗಿನ ಹಿಂದೆ ಸುಳಿಯುತ್ತದೆ. ನಡುವಿನ ಈ ಭಾಗವೇ ಈ ತಂಬಾಕಿನ ಜೀವ, ಇದಕ್ಕಾಗಿಯೇ ನಾನು ಕಾಯುವುದು, ಪುಸ್ತಕ ಓದುತ್ತಿದ್ದರೂ ಆ ಹೊತ್ತಿಗೆ ಮಡಚಿ ಪಕ್ಕಕ್ಕಿಡುತ್ತೇನೆ, ಯಾಕಂದ್ರೆ ರುಚಿ ಅಷ್ಟು ಸಣ್ಣದು, ಗಮನ ಬೇರೆ ಕಡೆ ಹೋದರೆ ದಮ್ಮು ಜೋರಾಗುತ್ತದೆ, ಬೌಲು ಬಿಸಿಯಾಗುತ್ತದೆ, ಸಿಹಿ ಹೋಗುತ್ತದೆ. ಬೌಲನ್ನು ಕೆನ್ನೆಗೆ ಹಚ್ಚಿ ನೋಡಿ. ಹಿತವಾದ ಬಿಸಿ ಇದ್ದರೆ ಸರಿ, ಹಿಡಿದಿರಲು ಆಗದಿದ್ದರೆ ಕೆಳಗಿಟ್ಟು ಆರಲು ಬಿಡಿ. ಆರಿದ ಪೈಪನ್ನು ಮತ್ತೆ ಹಚ್ಚುವುದರಲ್ಲಿ ನಾಚಿಕೆ ಏನಿಲ್ಲ. ಕೊನೆಯ ಭಾಗ ಅಷ್ಟು ಚೆನ್ನಾಗಿಲ್ಲ. ಸಿಹಿ ಮಂಕಾಗುತ್ತದೆ, ಸ್ವಲ್ಪ ಬೂದಿ ರುಚಿ ಬರುತ್ತದೆ. ನಾನು ಅಲ್ಲಿಗೇ ಬಿಟ್ಟು ಬಡಿದು ಖಾಲಿ ಮಾಡುತ್ತೇನೆ.

ನಮ್ಮ ಪಕ್ಕದ ಮನೆ ಕಾಕಾ ಬೀಡಿ ಸೇದುವವರು. ಅವರಿಗೆ ಒಂದು ಸಂಜೆ ತುಂಬಿ ಕೊಟ್ಟೆ. "ವಾಸ್ನಿ ಛಲೋ ಅದ ತಮ್ಮಾ, ಆದ್ರ ಇದು ಹತ್ತಂಗೇ ಇಲ್ಲಲ್ಲ" ಅಂದರು. ಅವರ ಮಾತು ನಿಜ. ಬೀಡಿಯ ಹೊಗೆಯನ್ನು ಎದೆಗೆ ಎಳೆಯುತ್ತಾರೆ, ಪೈಪಿನ ಹೊಗೆಯನ್ನು ಬಾಯಲ್ಲೇ ಇಟ್ಟು ಹೊರಬಿಡುತ್ತಾರೆ. ಮೇಲಾಗಿ ಸಕ್ಕರೆ ಜಾಸ್ತಿ ಇರುವ ವರ್ಜೀನಿಯಾದ ಹೊಗೆ ಆಮ್ಲೀಯ, ಅದರ ನಿಕೋಟಿನ್ ಬಾಯಿಯ ಒಳಚರ್ಮದಲ್ಲಿ ಬೇಗ ಇಳಿಯುವುದಿಲ್ಲ. ತಲೆ ತಿರುಗಬೇಕು, ಕಿಕ್ ಬೇಕು ಅನ್ನುವವರು ಇದರ ಗೊಡವೆಗೆ ಬರಬೇಡಿ. ಆದರೂ ಖಾಲಿ ಹೊಟ್ಟೆಯಲ್ಲಿ ಬೇಡ. ರೊಟ್ಟಿ ಊಟ ಆದ ಮೇಲೆ ಸೇದಿ. ಶೇಂಗಾ ಹಿಂಡಿ, ಮಿರ್ಚಿ ತಿಂದು ನಾಲಿಗೆ ಉರಿಯುತ್ತಿದ್ದರೆ ಸ್ವಲ್ಪ ಮಜ್ಜಿಗೆ ಕುಡಿದು ಆಮೇಲೆ ಹಚ್ಚಿ, ಖಾರದ ಬಾಯಿಗೆ ಈ ರುಚಿ ಗೊತ್ತೇ ಆಗುವುದಿಲ್ಲ. ಜೊತೆಗೆ ಹಾಲು ಹಾಕದ ಕರಿ ಚಹಾ ಒಳ್ಳೆ ಜೋಡಿ.

ಹಗುರ ಅಂದ ಮಾತ್ರಕ್ಕೆ ದೇಹಕ್ಕೆ ಹಗುರ ಅಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಹೊಗೆ ಎದೆಗೆ ಎಳೆಯದಿದ್ದರೂ ಪೈಪ್ ಸೇದುವವರಿಗೆ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅಪಾಯ ಇದೆ. ನಿಕೋಟಿನ್ ಚಟ ಹಿಡಿಸುವುದೂ ನಿಜ. ತಂಬಾಕಿನ ಅಭ್ಯಾಸವೇ ಇಲ್ಲದವರು ಇದನ್ನು ಓದಿ ಶುರು ಮಾಡಬೇಡಿ. ನಮ್ಮ ರಾಜ್ಯದಲ್ಲಿ ಈಗ 21 ವರ್ಷ ಆಗದವರಿಗೆ ತಂಬಾಕು ಮಾರುವ ಹಾಗಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದುವುದಕ್ಕೆ 2008ರಿಂದಲೇ ದೇಶದ ತುಂಬ ತಡೆ ಇದೆ. ನಮ್ಮೂರಿನ ಅಪ್ಪನ ಕೆರೆ ದಂಡೆಯಲ್ಲಿ ಪೈಪ್ ಹಿಡಿದು ಕೂರುವ ಆಸೆ ಬೇಡ. ನಾನು ಸೇದುವುದು ಮನೆ ಮಾಳಿಗೆಯಲ್ಲಿ, ಮಕ್ಕಳು ಇಲ್ಲದ ಹೊತ್ತಲ್ಲಿ, ಗೋಡೆಯ ಮರೆಗೆ. ಗೋಡೆಯ ಮರೆ ಬೇಕೇ ಬೇಕು, ಯಾಕಂದ್ರೆ ಬಯಲಿನ ಗಾಳಿ ಬೌಲಿಗೆ ಬಡಿದರೆ ನೀವು ಎಷ್ಟು ನಿಧಾನಕ್ಕೆ ಸೇದಿದರೂ ಕೆಂಡ ತಾನೇ ಏರುತ್ತದೆ.

ನಮ್ಮ ಭಾಗಕ್ಕೆ ತಂಬಾಕಿನ ನಂಟು ಬಹಳ ಹಳೆಯದು. ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ತಂಬಾಕನ್ನು ಮೊದಲು ಕಂಡದ್ದು ಆದಿಲ್ ಶಾಹಿಗಳ ವಿಜಯಪುರದಲ್ಲಿ. ಅಲ್ಲಿಂದ ಒಯ್ದು, ಸೇದುವ ಕೊಳವೆಯ ಸಮೇತ ಬಾದಶಹನ ಮುಂದೆ ಇಟ್ಟ. ಬೀದರಿನ ಕುಶಲಿಗಳು ಸತುವು ತಾಮ್ರದ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿ ಮಾಡಿದ ಹುಕ್ಕಾ ಬುರುಡೆಗಳು ಇವತ್ತು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಹುಕ್ಕಾದಲ್ಲಿ ಹೊಗೆ ನೀರಿನ ಮೂಲಕ ಬಂದು ತಣ್ಣಗಾಗುತ್ತದೆ. ಪೈಪಿನಲ್ಲಿ ನೀರಿಲ್ಲ, ಹೊಗೆ ತಣ್ಣಗಿರಬೇಕಾದರೆ ಸೇದುವವನೇ ತಾಳಬೇಕು. ಅದಕ್ಕೇ ನಾನು ನಿಧಾನ, ನಿಧಾನ ಅಂತ ಇಷ್ಟು ಹೇಳುತ್ತಿರುವುದು.

ಕೊಳ್ಳುವುದು ಸುಲಭ ಇಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಪಾನ್ ಡಬ್ಬಾಗಳಲ್ಲಿ ಇಂಥದ್ದನ್ನು ನಾನು ಕಂಡಿಲ್ಲ. ದೊಡ್ಡ ಊರೊಂದರ ಅಂಗಡಿಯಿಂದ ತರಿಸಿದಾಗ ಮುಚ್ಚಳ ಸಡಿಲವಾಗಿದ್ದ, ಒಳಗೆ ಎಲೆ ಕಟ್ಟಿಗೆಯಾಗಿದ್ದ ಡಬ್ಬಿ ಕೈಗೆ ಬಂತು. ಬದಲಿಸಿಕೊಡಿ ಅಂದರೆ ಅಂಗಡಿಯವರು ಒಪ್ಪಲಿಲ್ಲ. ಆಮೇಲಿಂದ ಹೊರದೇಶದಿಂದ ಬರುವ ನೆಂಟರಿಗೇ ಹೇಳುತ್ತೇನೆ. ಸುಂಕ ಇಲ್ಲದೆ ಒಬ್ಬರು 125 ಗ್ರಾಂ ತಂಬಾಕು ತರಬಹುದು, ಅಂದರೆ ಇಂಥ ಎರಡು ಡಬ್ಬಿ, ಆದರೆ ಅವರು ಬೇರೆ ಸಿಗರೇಟು, ಸಿಗಾರು ತರುತ್ತಿರಬಾರದು. ಡಬ್ಬಿ ಕೈಗೆ ಬಂದಾಗ ತೆರೆಯುವ ಮುಂಚೆ ಮುಚ್ಚಳವನ್ನು ಮೆಲ್ಲಗೆ ತಿರುಗಿಸಲು ನೋಡಿ. ಒಳಗಿನ ಗಾಳಿ ತೆಗೆದು ಮುಚ್ಚಿದ ಡಬ್ಬಿಯಾದ್ದರಿಂದ ಅದು ಗಟ್ಟಿಯಾಗಿ ಹಿಡಿದುಕೊಂಡಿರಬೇಕು.

ಇಡುವ ಬಗ್ಗೆ ಒಂದು ಮಾತು. ತೆರೆದ ಮೇಲೆ ಮುಚ್ಚಳವನ್ನು ನಂಬಬೇಡಿ, ನಮ್ಮ ಬೇಸಿಗೆಯಲ್ಲಿ ಅದು ಏನೇನೂ ಸಾಲದು. ರಬ್ಬರ್ ಉಂಗುರ ಇರುವ ಸಣ್ಣ ಗಾಜಿನ ಬಾಟಲಿಗೆ ತುಂಬಿ, ಗೋಡೆ ಕಪಾಟಿನ ಕೆಳಗಿನ ಖಾನೆಯಲ್ಲಿ, ಬೆಳಕು ಬೀಳದ ಕಡೆ ಇಡಿ. ಫ್ರಿಜ್ ಬೇಡ. ಎರಡು ಡಬ್ಬಿ ಸಿಕ್ಕಿದ್ದರೆ ಒಂದನ್ನು ತೆರೆಯದೆ ಹಾಗೇ ಬಿಡಿ. ಬರೀ ವರ್ಜೀನಿಯಾ ವರ್ಷ ಕಳೆದಂತೆ ಮಾಗುತ್ತದೆ, ಚುರುಕು ಇಳಿದು ಬಣ್ಣ ಗಾಢವಾಗುತ್ತದೆ. ಎಷ್ಟೋ ವರ್ಷದ ಡಬ್ಬಿಗಳಲ್ಲಿ ಎಲೆಯ ಮೇಲೆ ಸಣ್ಣ ಬಿಳಿ ಹರಳು ಕಾಣುತ್ತವೆ. ಹರಳಾದರೆ ಹೆದರಬೇಡಿ. ಬೂಷ್ಟಾದರೆ ಉಣ್ಣೆಯ ಹಾಗೆ ಎದ್ದಿರುತ್ತದೆ, ಕಮಟು ವಾಸನೆ ಬರುತ್ತದೆ, ಅದನ್ನು ಎಸೆಯಿರಿ.

ಸುವಾಸನೆ ಹಾಕಿದ ತಂಬಾಕು ಸೇದಿ ಬೇಸತ್ತವರಿಗೆ, ಡಬ್ಬಿಯಲ್ಲಿ ಬರುವ ವಾಸನೆಯೇ ಬಾಯಲ್ಲೂ ಸಿಗಬೇಕು ಅನ್ನುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಬೈಕ್ ಹತ್ತುವ ಮುಂಚೆ ಎರಡು ದಮ್ಮು ಎಳೆಯುವವರಿಗೆ ದುಡ್ಡು ದಂಡ. ಇದೇ ಜಾತಿಯಲ್ಲಿ ಇನ್ನೂ ತೂಕ ಇರುವುದು ಬೇಕಾದರೆ ಸ್ಯಾಮ್ಯುಯೆಲ್ ಗಾವಿತ್ ಕಂಪನಿಯ ಫುಲ್ ವರ್ಜೀನಿಯಾ ಫ್ಲೇಕ್ ನೋಡಿ. ಇಂಗ್ಲೆಂಡಿನ ಕೆಂಡಲ್ ಊರಿನದು, ಎಲೆಯನ್ನು ಮತ್ತೆ ಶಾಖಕ್ಕಿಟ್ಟು ಕಪ್ಪಗೆ ಮಾಡಿರುತ್ತಾರೆ, ಒಣಹಣ್ಣಿನಂಥ ಗಾಢ ಸಿಹಿ. ಅದು ಇದಕ್ಕಿಂತ ಹಸಿ, ಒಣಗಲು ಮೇ ತಿಂಗಳಲ್ಲೂ ಜಾಸ್ತಿ ಹೊತ್ತು ಕೊಡಬೇಕಾಗುತ್ತದೆ.