ಫೈರ್‌ವಾಲ್ ಕತ್ತರಿಸುವುದೋ, ರೇಡಿಯೇಟರ್ ಮುಂದಕ್ಕೆ ಸರಿಸುವುದೋ?

1940ರ ಫೋರ್ಡ್ ಪಿಕಪ್‌ಗೆ ಷೆವ್ರೊಲೆ 350 ಎಂಜಿನ್ ಕೂರಿಸಿ ಹಾಟ್ ರಾಡ್ (ಬಲವಾದ ಎಂಜಿನ್ ಹಾಕಿ ಮಾರ್ಪಡಿಸಿದ ಹಳೆಯ ಗಾಡಿ) ಮಾಡಬೇಕೆಂದಿರುವವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲನ್ನು ಕತ್ತರಿಸಿ ಕ್ಯಾಬಿನ್ನಿನ ಒಳಕ್ಕೆ ಸರಿಸಿ. ಮಿಷಿಗನ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ಉಳಿದೆರಡು ದಾರಿಗಳನ್ನೂ (ಗಿಡ್ಡ ವಾಟರ್ ಪಂಪ್ ಹಾಕುವುದು, ರೇಡಿಯೇಟರ್ ಮುಂದಕ್ಕೆ ಸರಿಸುವುದು) ಹಿಡಿದು, ಎರಡು ಬೇಸಿಗೆ ಕಳೆದ ಮೇಲೆ ನಾನು ಈ ಮಾತಿಗೆ ಬಂದಿದ್ದೇನೆ.

ಗಾಡಿಯೊಂದಿಗೆ ಬಂದ 85 ಅಶ್ವಶಕ್ತಿಯ ಫ್ಲ್ಯಾಟ್‌ಹೆಡ್ ವಿ8 ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಮುಂಭಾಗದಲ್ಲಿರುವುದರಿಂದ ಎಂಜಿನ್ನಿನ ಬೆನ್ನು ಫೈರ್‌ವಾಲಿಗೆ ಹತ್ತಿರವಿದ್ದರೂ ತೊಂದರೆಯಿಲ್ಲ. ಷೆವ್ರೊಲೆಯಲ್ಲಿ ಡಿಸ್ಟ್ರಿಬ್ಯೂಟರ್ ಹಿಂಭಾಗದಲ್ಲಿ ಎದ್ದು ನಿಂತಿರುತ್ತದೆ. ಅದು ಆ ಗೋಡೆಗೆ ತಾಗದಿರಲೆಂದು ಎಂಜಿನ್ ಮುಂದೆ ಸರಿಸಿದರೆ ಫ್ಯಾನ್ ರೇಡಿಯೇಟರಿಗೆ ತಾಗುತ್ತದೆ.

ನಾನು ಮೊದಲು ನಂಬಿದ್ದು 1968ರವರೆಗಿನ ಷೆವ್ರೊಲೆ ಕಾರುಗಳಲ್ಲಿ ಬರುತ್ತಿದ್ದ ಗಿಡ್ಡ ವಾಟರ್ ಪಂಪನ್ನು. ಫ್ಯಾನ್ ಕೂರುವುದು ಈ ಪಂಪಿನ ಮೇಲೆಯೇ. ಉದ್ದನೆಯ ಪಂಪಿಗಿಂತ ಸುಮಾರು ಒಂದೂಕಾಲು ಇಂಚು ಜಾಗ ಉಳಿಯುತ್ತದೆ ಎಂಬುದು ನಿಜ. ಆದರೆ ಹಳೆಯ ಕ್ರ್ಯಾಂಕ್ ಪುಲ್ಲಿ ಗಿಡ್ಡ ಪಂಪಿನ ಪುಲ್ಲಿಯ ನೇರಕ್ಕೆ ಬರಲಿಲ್ಲ. ಬೆಲ್ಟ್ ಓರೆಯಾಗಿ ಓಡಿ ಅಂಚು ಹರಿಯತೊಡಗಿತು. ಪುಲ್ಲಿಗಳನ್ನೂ ಆಲ್ಟರ್ನೇಟರ್ ಬ್ರಾಕೆಟ್ಟನ್ನೂ ಬದಲಿಸಬೇಕಾಗಿ ಬಂದು, ಅಗ್ಗವೆಂದುಕೊಂಡ ದಾರಿ ದುಬಾರಿಯಾಯಿತು.

ಇಷ್ಟಾದ ಮೇಲೂ ಫ್ಯಾನಿಗೂ ರೇಡಿಯೇಟರಿಗೂ ನಡುವೆ ಅರ್ಧ ಇಂಚು ಮಾತ್ರ ಉಳಿದಿತ್ತು. ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕುಳಿತಿರುತ್ತದೆ, ಜೋರಾಗಿ ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದು ಸಂಜೆ ಸಿಗ್ನಲ್ಲಿನಲ್ಲಿ ಗಕ್ಕನೆ ನಿಲ್ಲಿಸಿದಾಗ ಕರ್ರೆಂಬ ಸದ್ದು ಕೇಳಿಸಿತು. ಬಾನೆಟ್ ಎತ್ತಿ ನೋಡಿದರೆ ರೇಡಿಯೇಟರಿನ ಮೈಮೇಲೆ ಕುಡುಗೋಲಿನಂಥ ಗೀರು ಮೂಡಿತ್ತು. ಅದರ ತುದಿಯಿಂದ ಹಸಿರು ಕೂಲೆಂಟ್ ಹನಿಹನಿಯಾಗಿ ಇಳಿಯುತ್ತಿತ್ತು.

ಹೊಸ ರೇಡಿಯೇಟರನ್ನು ಮುಂದಕ್ಕೆ ಸರಿಸಿ, ಅದರ ಎದುರಿಗೆ ಗಾಳಿ ತಳ್ಳುವ ಎಲೆಕ್ಟ್ರಿಕ್ ಫ್ಯಾನ್ ಕಟ್ಟಿದೆ. ಹೆದ್ದಾರಿಯಲ್ಲಿ ಓಡುವಾಗ ಎದುರಿನ ಫ್ಯಾನೇ ಗಾಳಿಗೆ ಅಡ್ಡ ನಿಂತು, ಉಷ್ಣತೆಯ ಮುಳ್ಳು ಇಳಿಯಲೇ ಇಲ್ಲ.

ಕೊನೆಗೆ ಫೈರ್‌ವಾಲಿಗೆ ಕೈ ಹಾಕಿದೆ. ಎಂಜಿನ್ನನ್ನು ಡಿಸ್ಟ್ರಿಬ್ಯೂಟರ್ ಸಮೇತ ಬೇಕಾದ ಜಾಗದಲ್ಲಿ ಇಳಿಸಿ, ರಟ್ಟಿನಲ್ಲಿ ಅಳತೆ ತೆಗೆದು, ಆಮೇಲೆ ತಗಡು ಕತ್ತರಿಸಿ ಎರಡು ಇಂಚು ಒಳಗೆ ಬೆಸೆಸಿದೆ. ಡಿಸ್ಟ್ರಿಬ್ಯೂಟರಿನ ಹಿಂದೆ ನನ್ನ ನಾಲ್ಕು ಬೆರಳು ಸಲೀಸಾಗಿ ಹೋಗುತ್ತವೆ. ಮುಚ್ಚಳ ಬಿಚ್ಚಲು ಎಂಜಿನ್ ಇಳಿಸಬೇಕಾಗಿಲ್ಲ. ಕಾಲಿಡುವ ಜಾಗ ಕಡಿಮೆಯಾಗಿದೆ. ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಇದೆಲ್ಲ ಮುಗಿದ ಮೇಲೆಯೇ ಅಳೆದು ಮಾಡಿಸಬೇಕು.

ಮೂಲ ತಗಡನ್ನು ಮುಟ್ಟಲು ಮನಸ್ಸಿಲ್ಲದವರು ಡಿಸ್ಟ್ರಿಬ್ಯೂಟರ್ ಮುಂದಿರುವ ಫೋರ್ಡ್ 302 ಎಂಜಿನ್ನನ್ನು ಹುಡುಕಬಹುದು. ನನ್ನ ಬಳಿ 350 ಮೊದಲೇ ಇತ್ತು. ಇನ್ನೊಂದು ಎಂಜಿನ್ ಕೊಳ್ಳುವಷ್ಟು ಹಣವಿರಲಿಲ್ಲ. ಶನಿವಾರ ಮರದ ಹಲಗೆ ಹೇರಿಕೊಂಡು ಊರ ಟ್ರಾಫಿಕ್ಕಿನಲ್ಲಿ ನಿಧಾನವಾಗಿ ಬರುವ ನನಗೆ, ಪಂಪಿನ ಮೇಲಿನ ಫ್ಯಾನ್ ರೇಡಿಯೇಟರಿನಿಂದ ಒಂದು ಇಂಚಿನ ಅಂತರದಲ್ಲಿ ನಿಶ್ಚಿಂತೆಯಾಗಿ ತಿರುಗುತ್ತಿರುವುದೇ ಬೇಕಾಗಿತ್ತು.