ಆಲ್ಟ್ ಒತ್ತಿದರೆ ನೀಲಿ ಚುಕ್ಕೆ: ಅಬ್ಸಿಡಿಯನ್‌ನಲ್ಲಿ ನನ್ನ ತೋಟದ ದಿನಚರಿ

ಶಿರಸಿ ಸೀಮೆಯಲ್ಲಿ ನಮ್ಮದೊಂದು ಅಡಿಕೆ ತೋಟ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮದ್ದು ಹೊಡೆದ ದಿನ ಇಲ್ಲಿ ಯಾರಿಗೂ ಮರೆಯುವಂತಿಲ್ಲ. ಮೊದಲ ಸಲ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40-45 ದಿನಕ್ಕೆ. ಆ ಹೊತ್ತಿಗೆ ಮಳೆಯೂ ಬಿಟ್ಟು ಹೊಳವಾಗಬೇಕು, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನೂ ಬಿಡುವಾಗಿರಬೇಕು. ಅಪ್ಪ ಇದನ್ನೆಲ್ಲ ಪಂಚಾಂಗದ ಅಂಚಿನಲ್ಲಿ ಗೀಚಿಡುತ್ತಿದ್ದರು. ನಾನು ಮೂರು ವರ್ಷದಿಂದ ಲ್ಯಾಪ್‌ಟಾಪಿನಲ್ಲಿ, ಅಬ್ಸಿಡಿಯನ್ ಎಂಬ ಟಿಪ್ಪಣಿ ಆ್ಯಪ್‌ನಲ್ಲಿ ಬರೆಯುತ್ತಿದ್ದೇನೆ.

ದಿನಕ್ಕೊಂದು ಪುಟ, ಸಾಲಿನ ತಲೆಗೊಂದು ಎಮೋಜಿ. ಮಳೆಗೆ ಕೊಡೆ, ಕೊಯ್ಲಿಗೆ ಬುಟ್ಟಿ, ತೋಟಕ್ಕೆ ಮಂಗ ಇಳಿದ ದಿನ ಮಂಗ. ಮದ್ದಿಗೆ ನೀಲಿ ಚುಕ್ಕೆ, ಅದರಲ್ಲಿರುವ ಮೈಲುತುತ್ತದ ಬಣ್ಣವೆಂದು. ತೆಂಗಿನಕಾಯಿಗೆ 2017ರಲ್ಲೇ ಎಮೋಜಿ ಬಂತು, ಅಡಿಕೆಗೆ ಇನ್ನೂ ಇಲ್ಲ. ಈ ಕೊರತೆ ನನಗೆ ನಿಜವಾಗಿಯೂ ನೋವಿನದು. ಸದ್ಯ ತಾಳೆಮರದ ಚಿತ್ರದಿಂದಲೇ ಕೆಲಸ ನಡೆಸುತ್ತೇನೆ.

ತೊಡಕಿದ್ದದ್ದು ಈ ಚಿಹ್ನೆಗಳನ್ನು ಹಾಕುವುದರಲ್ಲಿ. ವಿಂಡೋಸ್ ಕೀಲಿ ಮತ್ತು ಚುಕ್ಕೆಯನ್ನು ಒಟ್ಟಿಗೆ ಒತ್ತಿದರೆ ಎಮೋಜಿಗಳ ಫಲಕ ತೆರೆಯುತ್ತದೆ, ಆದರೆ ಪ್ರತಿ ಸಾಲಿಗೂ ಅದರಲ್ಲಿ ಹುಡುಕುತ್ತ ಕೂರಲು ಆಗದು. ಎಮೋಜಿ ಶಾರ್ಟ್‌ಕೋಡ್ಸ್ ಎಂಬ ಪ್ಲಗಿನ್, ಅಂದರೆ ಆ್ಯಪ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ, ಹಾಕಿಕೊಂಡೆ. ಕೋಲನ್ ಒತ್ತಿ ಹೆಸರು ಬರೆದರೆ ಚಿಹ್ನೆ ಬರುತ್ತದೆ, ಹೆಸರು ಮಾತ್ರ ಇಂಗ್ಲಿಷಿನಲ್ಲಿರಬೇಕು. ಕನ್ನಡದಲ್ಲಿ ಬರೆಯುವವನು ಒಂದು ಕೊಡೆಗಾಗಿ ಕೀಲಿಮಣೆಯ ಭಾಷೆಯನ್ನು ಎರಡು ಬಾರಿ ಬದಲಿಸಬೇಕು. ಇಂಗ್ಲಿಷಿನಲ್ಲೇ ಬರೆಯುವವರಿಗೆ ಅದು ಸಾಕು, ನನಗೆ ಸಾಲದು.

ಕೊನೆಗೆ ಕೈಹಿಡಿದದ್ದು ಟೆಂಪ್ಲೇಟರ್ ಎಂಬ ಇನ್ನೊಂದು ಪ್ಲಗಿನ್. ಸೆಟ್ಟಿಂಗ್ಸ್‌ನಲ್ಲಿ, ಹೊರಗಿನ ಪ್ಲಗಿನ್‌ಗಳನ್ನು ತಡೆಯುವ ರಿಸ್ಟ್ರಿಕ್ಟೆಡ್ ಮೋಡ್ ತೆಗೆದು, ಕಮ್ಯುನಿಟಿ ಪ್ಲಗಿನ್‌ಗಳ ಪಟ್ಟಿಯಿಂದ ಇದನ್ನು ಹಾಕಿಕೊಳ್ಳಬೇಕು. 'ಅಚ್ಚು' ಎಂಬ ಫೋಲ್ಡರ್ ಮಾಡಿ, ಅದೇ ಟೆಂಪ್ಲೇಟುಗಳ, ಅಂದರೆ ಬೇಕಾದಲ್ಲಿ ಸೇರಿಸುವ ಸಿದ್ಧ ಪುಟಗಳ, ಜಾಗವೆಂದು ಪ್ಲಗಿನ್‌ಗೆ ತಿಳಿಸಿದೆ. ಒಳಗೆ ಏಳು ಪುಟಗಳು, ಒಂದೊಂದರಲ್ಲೂ ಒಂದೇ ಎಮೋಜಿ. ಎಮೋಜಿ ಹಾಕಿದ ಮೇಲೆ ಎಂಟರ್ ಒತ್ತಬೇಡಿ. ಒತ್ತಿದರೆ ಆ ಖಾಲಿ ಸಾಲೂ ಜೊತೆಗೇ ಬಂದು ಬರಹ ಮುರಿಯುತ್ತದೆ. ಬಳಿಕ ಟೆಂಪ್ಲೇಟ್ ಹಾಟ್‌ಕೀಸ್ ಭಾಗದಲ್ಲಿ ಏಳನ್ನೂ ಸೇರಿಸಿ, ಒಂದೊಂದಕ್ಕೂ ಒಂದು ಕೀಲಿಜೋಡಿ ಕೊಟ್ಟೆ. ಕಂಟ್ರೋಲ್ ಜೊತೆಗಿನ ಅಂಕಿಗಳು ಟ್ಯಾಬ್ ಬದಲಿಸಲು ಮೊದಲೇ ಮೀಸಲು, ಆದ್ದರಿಂದ ಆಲ್ಟ್ ಆರಿಸಿಕೊಂಡೆ. ಆಲ್ಟ್ 1 ಕೊಡೆ, ಆಲ್ಟ್ 2 ನೀಲಿ ಚುಕ್ಕೆ. ಬರೆಯುತ್ತಿದ್ದ ಕೈ ಕನ್ನಡದಲ್ಲೇ ಉಳಿಯುತ್ತದೆ. ಈ ಸುಖಕ್ಕೆ ಒಂದು ಸಂಜೆಯ ಶ್ರಮ ಏನೂ ಅಲ್ಲ.

ಮೊಬೈಲಿನಲ್ಲಿ ಆಲ್ಟ್ ಇಲ್ಲವಲ್ಲ ಎಂದು ಬಿಡಬೇಡಿ. ಅಕ್ಷರಗಳ ಮೇಲಿರುವ ಸಾಲಿಗೆ, ಅಂದರೆ ಟೂಲ್‌ಬಾರ್‌ಗೆ, ಇದೇ ಆಜ್ಞೆಗಳನ್ನು ಸೇರಿಸಬಹುದು. ಕೆಸರುಗೈಯಲ್ಲಿ ನಾನು ಒತ್ತುವುದು ಅಲ್ಲಿನ ಎರಡೇ ಗುಂಡಿ, ಮಳೆ ಮತ್ತು ಮದ್ದು.

ಒಂದು ಚಿಹ್ನೆಗೆ ಒಂದು ಕೀಲಿ ಕೊಡುವಷ್ಟು ಸಣ್ಣ ಸೌಲಭ್ಯವೂ ಆ್ಯಪ್‌ನೊಳಗೇ ಇದ್ದಿದ್ದರೆ ಚೆನ್ನಾಗಿತ್ತು. ಹೊರಗಿನವರು ಬರೆದ ಪ್ಲಗಿನ್ ನೆಚ್ಚಿಕೊಳ್ಳುವುದು ಎಲ್ಲರಿಗೂ ಒಗ್ಗುವುದಿಲ್ಲ. ಆದರೂ ನಾನು ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಆ್ಯಪ್‌ಗೆ ದುಡ್ಡಿಲ್ಲ, ಪುಟಗಳೆಲ್ಲ ನಮ್ಮದೇ ಡಿಸ್ಕಿನಲ್ಲಿ ಸಾದಾ ಪಠ್ಯವಾಗಿರುತ್ತವೆ, ಎಮೋಜಿಯೂ ಅಲ್ಲಿ ಒಂದು ಅಕ್ಷರವೇ. ನೋಟ್‌ಪ್ಯಾಡಿನಲ್ಲಿ ತೆರೆದರೂ ಚುಕ್ಕೆ ಹಾಗೇ ಇರುತ್ತದೆ.

ಅಕ್ಷರವಾದ್ದರಿಂದಲೇ ಅದನ್ನು ಹುಡುಕಲೂ ಬರುತ್ತದೆ. ನೀಲಿ ಚುಕ್ಕೆಯ ಹುಡುಕಾಟವನ್ನು ಬುಕ್‌ಮಾರ್ಕ್ ಮಾಡಿಟ್ಟಿದ್ದೇನೆ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಮೋಡ ಸರಿದು ಅಂಗಳಕ್ಕೆ ಬಿಸಿಲು ಬಿತ್ತು. ಬುಕ್‌ಮಾರ್ಕ್ ಒತ್ತಿದೆ, ಮೊದಲ ಮದ್ದಿಗೆ ಅಂದಿಗೆ 41 ದಿನ. ಅಪ್ಪ ಒಳಗಿನಿಂದ "ಎಷ್ಟಾಯಿತು?" ಎಂದು ಕೇಳುವಷ್ಟರಲ್ಲಿ ನಾನು ಕೊನೆಗೌಡನಿಗೆ ಫೋನ್ ಮಾಡುತ್ತಿದ್ದೆ.