ಫಾರ್ಚೂನರ್ 4×4ಗೆ 265/70 ಆರ್17 ಕೆಒ2 ಟೈರ್: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಉಜ್ಜುತ್ತದೆ

ಬಿಡದಿಯ ಕಾರ್ಖಾನೆಯಿಂದ ಹೊರಬರುವ ಫಾರ್ಚೂನರ್ 4×4ಗೆ ಟೊಯೊಟಾ ಕೊಡುವುದು 265/60 ಆರ್18 ಹೈವೇ ಟೈರ್ (265 ಅಂದರೆ ಮಿ.ಮೀ. ಲೆಕ್ಕದ ಅಗಲ, 60 ಅಂದರೆ ಆ ಅಗಲದ ಶೇ 60ರಷ್ಟು ಎತ್ತರದ ಪಕ್ಕದ ಗೋಡೆ, 18 ಅಂದರೆ ರಿಮ್ಮಿನ ಇಂಚು). ಡಾಂಬರಿನ ಮೇಲೆ ಅದಕ್ಕೆ ಹೆಸರಿಡುವಂತಿಲ್ಲ. ಸಕಲೇಶಪುರದ ಕಾಫಿ ತೋಟಗಳ ಕೊರಕಲು ದಾರಿಗೆ ಇಳಿಸಿದಾಗ ಮಾತ್ರ ಎರಡು ಕಡೆ ಸೋಲುತ್ತದೆ. ಕಿರಿದಾದ ಗೀರುಗಳಲ್ಲಿ ಕೆಸರು ಕೂತು ಟೈರ್ ಬೋಳಾಗುತ್ತದೆ. ಮತ್ತೆ ರಿಮ್ಮಿನ ಅಂಚಿಗೂ ನೆಲಕ್ಕೂ ನಡುವೆ ಇರುವ ರಬ್ಬರ್ 159 ಮಿ.ಮೀ. ಅಷ್ಟೇ. ಗಾಳಿ ಇಳಿಸಿ ಕಲ್ಲು ಹತ್ತಿಸಿದರೆ ಪೆಟ್ಟು ನೇರ ಅಲಾಯ್‌ಗೆ.

ಇಲ್ಲಿ ನೋಡುತ್ತಿರುವುದು ಅದರ ಬದಲಿಗೆ ಹಾಕುವ 17 ಇಂಚಿನ ರಿಮ್, ಅದಕ್ಕೆ ಬಿಎಫ್‌ಗುಡ್ರಿಚ್ ಆಲ್-ಟೆರೇನ್ ಕೆಒ2, ಅಳತೆ 265/70 ಆರ್17. ಬಾಡಿ ಎತ್ತರಿಸುವ ಲಿಫ್ಟ್ ಕಿಟ್ ಇಲ್ಲದ, ಕಂಪನಿಯ ಸ್ಪ್ರಿಂಗ್ ಮೇಲೆಯೇ ನಿಂತ ಗಾಡಿಗೆ ಇದೇ ಕೊನೆಯ ಮೆಟ್ಟಿಲು. ಇದರಾಚೆ ಹೋದರೆ ಕತ್ತರಿಸುವ ಕೆಲಸ ಶುರುವಾಗುತ್ತದೆ.

ಮೊದಲು ಲೆಕ್ಕ. ಹಳೆಯ ಟೈರಿನ ವ್ಯಾಸ 775 ಮಿ.ಮೀ., ಹೊಸದರದ್ದು 803. ಅಂದರೆ ಶೇ 3.6ರಷ್ಟು ದೊಡ್ಡದು. ಪಕ್ಕದ ಗೋಡೆ 159ರಿಂದ 185 ಮಿ.ಮೀ.ಗೆ ಏರುತ್ತದೆ. ಆಕ್ಸಲ್ ಏಳುವುದು ವ್ಯಾಸದ ವ್ಯತ್ಯಾಸದ ಅರ್ಧ, 14 ಮಿ.ಮೀ. ಇಷ್ಟಕ್ಕೆ ಇಷ್ಟೆಲ್ಲ ಖರ್ಚೇ ಅನ್ನುವವರು ಒಂದು ಸಲ ಗಾಡಿಯ ಹಿಂದೆ ಬಗ್ಗಿ ನೋಡಬೇಕು. ಫಾರ್ಚೂನರ್‌ನ ಹಿಂಬದಿ ಗಟ್ಟಿ ಆಕ್ಸಲ್. ನೆಲಕ್ಕೆ ಹತ್ತಿರ ಜೋತು ನಿಂತಿರುವುದು ಅದರ ಡಿಫರೆನ್ಷಿಯಲ್, ಅಂದರೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಡಬ್ಬಿ. ಉದ್ದದ ಸ್ಪ್ರಿಂಗ್ ಹಾಕಿದರೆ ಬಾಡಿ ಏಳುತ್ತದೆ, ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ಕಲ್ಲಿನಿಂದ ಮೇಲೆತ್ತುವುದು ದೊಡ್ಡ ಟೈರ್ ಒಂದೇ. ಲಿಫ್ಟ್‌ಗೆ ಮೊದಲು ಟೈರ್‌ಗೆ ದುಡ್ಡು ಹಾಕಿ ಅನ್ನುವುದು ಇದಕ್ಕೇ.

18 ಇಂಚಿನ ರಿಮ್ ಉಳಿಸಿಕೊಂಡೇ ಇಷ್ಟು ಎತ್ತರ ಬೇಕಾದವರಿಗೆ 265/65 ಆರ್18 ಇದೆ, ವ್ಯಾಸ 802 ಮಿ.ಮೀ. ರಿಮ್ ಖರ್ಚು ಉಳಿಯುತ್ತದೆ. ಗೋಡೆ ಮಾತ್ರ 172 ಮಿ.ಮೀ.ಗೆ ನಿಲ್ಲುತ್ತದೆ. ಕಲ್ಲು ಕಡಿಮೆ, ಮಣ್ಣು ರಸ್ತೆಯೇ ಹೆಚ್ಚು ಅನ್ನುವವರಿಗೆ ಅದು ಸಾಕು.

ಈಗ ರಿಮ್ ವಿಷಯ. ದೊಡ್ಡ ಟೈರ್ ಹಾಕಿದ ಗಾಡಿ ಉಜ್ಜುತ್ತದೆ ಅಂದರೆ ಹೆಚ್ಚಿನ ಸಲ ತಪ್ಪು ಟೈರಿನದಲ್ಲ, ಆಫ್‌ಸೆಟ್‌ನದು. ಹಬ್‌ಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಬದಿಗಿದೆ ಅನ್ನುವುದೇ ಆಫ್‌ಸೆಟ್. ಕಂಪನಿ ರಿಮ್‌ನ ಆಫ್‌ಸೆಟ್ +30ರ ಆಸುಪಾಸಿನಲ್ಲಿದೆ. ನೋಡಲು ಅಗಲವಾಗಿ ಕಾಣಲಿ ಎಂದು ಸೊನ್ನೆ ಆಫ್‌ಸೆಟ್ ರಿಮ್ ಹಾಕಿಸಿದರೆ ಚಕ್ರ ಸುಮಾರು 30 ಮಿ.ಮೀ. ಹೊರಗೆ ಬರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಟೈರ್ ಬಿಡಿಸುವ ಬಿಲ್ಲು ದೊಡ್ಡದಾಗಿ, ಮುಂಚಕ್ರದ ಹಿಂದೆ ಬಾಡಿಯನ್ನು ಚಾಸಿಗೆ ಕೂರಿಸುವ ಬಾಡಿ ಮೌಂಟ್‌ಗೂ ಬಂಪರ್ ಮೂಲೆಗೂ ಹೊಡೆಯುತ್ತದೆ. ವೀಲ್ ಬೇರಿಂಗ್ ಮೇಲೆ ಭಾರ ಹೆಚ್ಚುತ್ತದೆ, ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ, ಕೆಸರೆಲ್ಲ ಬಾಗಿಲಿಗೆ ರಾಚುತ್ತದೆ. ಹಬ್‌ಗೂ ರಿಮ್‌ಗೂ ನಡುವೆ ಸ್ಪೇಸರ್ ಬಿಲ್ಲೆ ಹಾಕುವುದೂ ಇದೇ ತಪ್ಪಿನ ಇನ್ನೊಂದು ರೂಪ.

ಸುಲಭದ ದಾರಿ ಟೊಯೊಟಾದ್ದೇ 17 ಇಂಚಿನ ಅಲಾಯ್. ಇದೇ ಫಾರ್ಚೂನರ್‌ನ 4×2 ಆವೃತ್ತಿ 265/65 ಆರ್17 ಟೈರಿನಲ್ಲಿ ಬರುತ್ತದೆ. ಅದನ್ನು ಕೊಂಡವರಲ್ಲಿ ಎಷ್ಟೋ ಜನ ಚಂದಕ್ಕೆಂದು 20 ಇಂಚು ಹಾಕಿಸಿ ಹಳೆಯ ರಿಮ್ ಮಾರುತ್ತಾರೆ. ಟೈರ್ ಅಂಗಡಿಗಳಲ್ಲಿ ವಿಚಾರಿಸಿದರೆ ಸಿಗುತ್ತವೆ. ಬೇರೆ ಕಂಪನಿಯ ರಿಮ್ ಆದರೆ ನೋಡಬೇಕಾದ್ದು: 6 ಬೋಲ್ಟ್, ಪಿಸಿಡಿ (ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ) 139.7 ಮಿ.ಮೀ., ನಡುವಿನ ತೂತು 106.1 ಮಿ.ಮೀ., ಅಗಲ 7.5 ಇಲ್ಲವೇ 8 ಇಂಚು, ಆಫ್‌ಸೆಟ್ +25ಕ್ಕಿಂತ ಕಡಿಮೆ ಬೇಡ. ನಡುವಿನ ತೂತು 110ರದ್ದಿದ್ದರೆ ಆ ಸಂದು ತುಂಬುವ ಹಬ್ ರಿಂಗ್ ಹಾಕಿಸಿ. ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ 90ರ ವೇಗದಲ್ಲಿ ನಡುಕ ಹೋಗುವುದಿಲ್ಲ. ನಟ್‌ಗಳನ್ನೂ ಗಮನಿಸಿ. ಶಂಕುವಿನಾಕಾರದ ಸೀಟಿಗೆ ಶಂಕುವಿನ ನಟ್, ಚಪ್ಪಟೆ ಸೀಟಿಗೆ ವಾಷರ್ ಇರುವ ನಟ್. ಅದಲುಬದಲಾದರೆ ಬಿಗಿಯಾದಂತೆ ತೋರಿ ನಾಲ್ಕು ದಿನದಲ್ಲಿ ಸಡಿಲವಾಗುತ್ತದೆ.

ಫಿಟ್ಟಿಂಗ್ ದಿನ ಐದೂ ಟೈರಿಗೆ ಒಮ್ಮೆಲೇ ಗಾಳಿ ಹಿಡಿಸಬೇಡಿ. ಒಂದೇ ಒಂದನ್ನು ರಿಮ್‌ಗೆ ಹಾಕಿಸಿ, ಮುಂದಿನ ಎಡಗಡೆ ಜೋಡಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಆಮೇಲೆ ಅದೇ ಚಕ್ರವನ್ನು ರ‍್ಯಾಂಪ್ ಹತ್ತಿಸಿ ಸಸ್ಪೆನ್ಷನ್ ಕುಗ್ಗಿದ ಸ್ಥಿತಿಯಲ್ಲಿ ಮತ್ತೆ ತಿರುಗಿಸಿ. ಸಮತಟ್ಟಿನಲ್ಲಿ ಉಜ್ಜದ್ದು ಇಲ್ಲಿ ಉಜ್ಜುತ್ತದೆ. ರಿವರ್ಸ್‌ನಲ್ಲಿಯೂ ಒಂದು ಸುತ್ತು ಹಾಕಿಸಿ.

ತಾಗುವ ಜಾಗಗಳು ಸಾಮಾನ್ಯವಾಗಿ ಎರಡು: ಮುಂದಿನ ಮಡ್ ಫ್ಲ್ಯಾಪ್‌ನ ಒಳಮೂಲೆ, ಅದರ ಹಿಂದೆ ಉಬ್ಬಿ ನಿಂತ ಪ್ಲಾಸ್ಟಿಕ್ ಲೈನರ್. ಫ್ಲ್ಯಾಪ್ ಅನ್ನು ಒಂದಿಷ್ಟು ಕತ್ತರಿಸಿದರೆ ಮುಗಿಯಿತು. ಲೈನರ್ ಕತ್ತರಿಸಬೇಡಿ, ಒಳಗೆ ವೈರಿಂಗ್ ಇದೆ. ಹೀಟ್ ಗನ್ನಿಂದ ಬಿಸಿ ಮಾಡಿ ಒತ್ತಿ, ತಣ್ಣಗಾಗುವವರೆಗೆ ಹಿಡಿದರೆ ಹಿಂದಕ್ಕೆ ಕೂರುತ್ತದೆ. ಆಮೇಲೆ ಅಲೈನ್‌ಮೆಂಟ್. ಮುಂದಿನ ಕೆಳತೋಳುಗಳ ಕ್ಯಾಮ್ ಬೋಲ್ಟ್ ತಿರುಗಿಸಿ, ಟೊಯೊಟಾ ಕೊಟ್ಟ ಮಿತಿಯ ಒಳಗೇ ಕ್ಯಾಸ್ಟರ್ ಅನ್ನು (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿದ ಕೋನ) ಮೇಲಿನ ಅಂಚಿಗೆ ಇರಿಸಲು ಹೇಳಿ. ಇದರಿಂದ ಚಕ್ರ ಕೆಲವು ಮಿ.ಮೀ. ಮುಂದೆ ಸರಿದು ಬಾಡಿ ಮೌಂಟ್‌ನಿಂದ ದೂರವಾಗುತ್ತದೆ, ಹೆದ್ದಾರಿಯಲ್ಲಿ ಸ್ಟೀರಿಂಗ್ ನೇರ ನಿಲ್ಲುವುದೂ ಸುಧಾರಿಸುತ್ತದೆ. ಇದನ್ನು ಕೇಳದಿದ್ದರೆ ಅಂಗಡಿಯವರು ಟೋ (ಮುಂಚಕ್ರಗಳು ಒಳಗೆ ಇಲ್ಲವೇ ಹೊರಗೆ ತಿರುಗಿದ ಕೋನ) ಮಾತ್ರ ಸರಿಮಾಡಿ ಕಳಿಸುತ್ತಾರೆ.

285/70 ಆರ್17 ಹಾಕಬಹುದಲ್ಲ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ವ್ಯಾಸ 831 ಮಿ.ಮೀ. ಅದಕ್ಕೆ ಲಿಫ್ಟ್ ಬೇಕು, ಮುಂದಿನ ಸಸ್ಪೆನ್ಷನ್‌ಗೆ ಬೇರೆ ಮೇಲ್ತೋಳು ಬೇಕು, ಬಾಡಿ ಮೌಂಟ್ ಕತ್ತರಿಸಿ ವೆಲ್ಡ್ ಮಾಡಬೇಕು. ದಿನವೂ ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಗೆ ಅದು ಬೇಡ.

ಟೈರಿನ ಗುಣಕ್ಕೆ ಬರೋಣ. ಕೆಒ2ನಲ್ಲಿ ದುಡ್ಡು ಕೊಡುವುದು ಅದರ ಗೋಡೆಗೆ. ಭುಜದ ರಬ್ಬರ್ ದಪ್ಪ, ಗಟ್ಟೆಗಳು ಪಕ್ಕಕ್ಕೂ ಇಳಿದಿವೆ. ಮಲೆನಾಡಿನ ತೋಟದ ದಾರಿಗಳಲ್ಲಿ ಟೈರ್ ಕೊಲ್ಲುವುದು ಕಡಿದ ಕಾಫಿ ಗಿಡದ ಬುಡ ಮತ್ತು ಚರಂಡಿ ಅಂಚಿನ ಒಡೆದ ಕಲ್ಲು. ಎರಡೂ ಹೊಡೆಯುವುದು ಪಕ್ಕದಿಂದಲೇ. ಹೈವೇ ಟೈರ್ ಹರಿದು ಬಿಸಾಡುವಂತಾಗುವ ಪೆಟ್ಟಿಗೆ ಇದು ಗೀಚುಗಾಯದಲ್ಲಿ ಉಳಿಯುತ್ತದೆ. ಟ್ರೆಡ್ ಆಳ ಸುಮಾರು 12 ಮಿ.ಮೀ. ಜಲ್ಲಿ, ಮುರಕಲ್ಲು, ಒಣ ಮಣ್ಣಿನ ಏರು, ಹೊಳೆಯ ಉರುಟು ಕಲ್ಲು, ಇವುಗಳಲ್ಲಿ ಹಿಡಿತ ಚೆನ್ನಾಗಿದೆ.

ಸೋಲುವುದು ಎರೆಮಣ್ಣಿನಲ್ಲಿ. ಗದಗ, ವಿಜಯಪುರದ ಕಡೆ ಒಂದು ಮಳೆ ಬಿದ್ದ ಹೊಲದ ದಾರಿಗೆ ಇಳಿದರೆ ನಾಲ್ಕು ಸುತ್ತಿಗೆ ಗಟ್ಟೆಗಳ ನಡುವೆ ಮಣ್ಣು ತುಂಬಿ ಟೈರ್ ಕರಿ ಗಾಲಿಯಂತಾಗುತ್ತದೆ. ಆಲ್-ಟೆರೇನ್ ಗಟ್ಟೆಗಳ ನಡುವಿನ ಸಂದು ಅಂಥ ಅಂಟುಮಣ್ಣನ್ನು ಉಗುಳುವಷ್ಟು ಅಗಲವಿಲ್ಲ. ಚಕ್ರ ಜೋರಾಗಿ ತಿರುಗಿಸಿದರೆ ಸ್ವಲ್ಪ ಉದುರುತ್ತದೆ, ಅಷ್ಟರಲ್ಲಿ ಗಾಡಿ ಆಕ್ಸಲ್‌ವರೆಗೆ ಹೂತಿರುತ್ತದೆ. ಬಯಲುಸೀಮೆಯ ಕಪ್ಪು ಭೂಮಿಯಲ್ಲೇ ಹೆಚ್ಚು ಓಡಾಟವಿದ್ದರೆ ಮಡ್ ಟೆರೇನ್ ನೋಡಿ, ಜೊತೆಗೆ ಅದರ ಗುಂಯ್‌ಗುಡುವಿಕೆಗೂ ಸಿದ್ಧರಾಗಿ. ನುಣುಪಾದ ಒದ್ದೆ ಡಾಂಬರಿನಲ್ಲೂ ಕೆಒ2 ಕಂಪನಿ ಟೈರಿನಷ್ಟು ನಂಬಿಕೆ ಕೊಡುವುದಿಲ್ಲ. ಮಳೆಯಲ್ಲಿ ಶಿರಾಡಿ ಇಳಿಯುವಾಗ ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು.

ಇನ್ನೊಂದು ಕೊರತೆ ತೂಕ. ಈ ಅಳತೆಯ ಹೆಚ್ಚು ಪದರದ ಎಲ್‌ಟಿ (ಲೈಟ್ ಟ್ರಕ್) ಟೈರ್ ಒಂದೊಂದೂ 23–24 ಕೆ.ಜಿ. ತೂಗುತ್ತದೆ, ಕಂಪನಿಯದಕ್ಕಿಂತ ಆರೇಳು ಕೆ.ಜಿ. ಹೆಚ್ಚು. ಇದು ತಿರುಗುವ ತೂಕವಾದ್ದರಿಂದ ಬ್ರೇಕ್ ಒತ್ತಿದಾಗಲೂ ಗೊತ್ತಾಗುತ್ತದೆ, ಸಿಗ್ನಲ್ ಬಿಟ್ಟು ಹೊರಡುವಾಗಲೂ ಗೊತ್ತಾಗುತ್ತದೆ. ದೊಡ್ಡ ವ್ಯಾಸದಿಂದ ನೆಲಕ್ಕೆ ತಲುಪುವ ಎಳೆತ ಶೇ 3.4ರಷ್ಟು ತಗ್ಗುತ್ತದೆ. ಆಟೋಮ್ಯಾಟಿಕ್‌ನ 500 ನ್ಯೂಟನ್ ಮೀಟರ್ ಟಾರ್ಕ್ 483ರಂತೆ ಎಳೆಯುತ್ತದೆ ಅನ್ನಿ. ಎಳೆತ ಹೆಚ್ಚಿಸುವ ಲೋ ರೇಂಜ್ ಗೇರಿನ ಅನುಪಾತ 2.566 ಇರುವುದರಿಂದ ಕಾಡುಏರಿನಲ್ಲಿ ಇದು ಲೆಕ್ಕಕ್ಕಿಲ್ಲ. ಹೆದ್ದಾರಿಯ ಓವರ್‌ಟೇಕ್‌ನಲ್ಲಿ ಒಂದು ಗೇರ್ ಹೆಚ್ಚು ಇಳಿಯುತ್ತದೆ. ಡೀಸೆಲ್ ಲೀಟರಿಗೆ ಒಂದು ಕಿ.ಮೀ. ಆಸುಪಾಸು ಕಡಿಮೆಯಾಗುತ್ತದೆ ಎಂದು ಇಟ್ಟುಕೊಳ್ಳಿ. ಲೆಕ್ಕ ಹಾಕುವಾಗ ಒಂದು ಎಚ್ಚರ: ಓಡೋಮೀಟರ್ 1,000 ತೋರಿಸಿದಾಗ ಗಾಡಿ ನಿಜವಾಗಿ ಓಡಿದ್ದು ಸುಮಾರು 1,036. ಇದನ್ನು ಸೇರಿಸದೆ ಮೈಲೇಜ್ ಬಿತ್ತು ಎಂದು ಗೋಳಾಡುವವರೇ ಹೆಚ್ಚು. ಸ್ಪೀಡೋಮೀಟರ್ ಮೊದಲು ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸುತ್ತಿದ್ದುದು ಈಗ ನಿಜಕ್ಕೆ ಹತ್ತಿರ ಬರುತ್ತದೆ. ಜಿಪಿಎಸ್ ಜೊತೆ ಒಮ್ಮೆ ತಾಳೆ ನೋಡಿ.

ಗಾಳಿಯ ಒತ್ತಡವನ್ನು ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ನೋಡಿ ತುಂಬಬೇಡಿ. ಅದು ಕಂಪನಿ ಟೈರಿಗೆ ಬರೆದದ್ದು. ಅದೇ ಭಾರ ಹೊರಲು ಎಲ್‌ಟಿ ಟೈರಿಗೆ ಹೆಚ್ಚು ಒತ್ತಡ ಬೇಕು. ತಣ್ಣಗಿರುವಾಗ ಮುಂದೆ 35, ಹಿಂದೆ 36 ಪಿಎಸ್‌ಐನಿಂದ ಶುರುಮಾಡಿ, ಏಳು ಜನ ಮತ್ತು ಸಾಮಾನು ಇದ್ದರೆ ಹಿಂದೆ 40. ಮುಂದಿನದನ್ನು ಸೀಮೆಸುಣ್ಣದಲ್ಲಿ ಹೊಂದಿಸಿಕೊಳ್ಳಿ: ಟ್ರೆಡ್‌ಗೆ ಅಡ್ಡ ದಪ್ಪ ಗೆರೆ ಎಳೆದು, ನೇರ ರಸ್ತೆಯಲ್ಲಿ ನೂರಿನ್ನೂರು ಮೀಟರ್ ಓಡಿಸಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚು ಮಾತ್ರ ಅಳಿಸಿದ್ದರೆ ಕಡಿಮೆ. ಕಲ್ಲುದಾರಿಗೆ 22–25, ಕೆಸರಿಗೆ 20–22, ಮರಳಿಗೆ 16–18. ಇಳಿಸಿದ ಮೇಲೆ ಗಂಟೆಗೆ 30–40 ಕಿ.ಮೀ. ದಾಟಬಾರದು, ಸ್ಟೀರಿಂಗ್ ಗಕ್ಕನೆ ತಿರುಗಿಸಬಾರದು. ಟೈರ್ ರಿಮ್ಮಿನಿಂದ ಕಳಚುವುದು ಹಾಗೆಯೇ. ಮತ್ತೆ ತುಂಬಲು ಬ್ಯಾಟರಿಗೆ ನೇರ ಕಚ್ಚುವ ಕಂಪ್ರೆಸರ್ ಇರಲಿ. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ ಚಿಕ್ಕದು ಈ ಗಾತ್ರದ ನಾಲ್ಕು ಟೈರ್ ತುಂಬುವಷ್ಟರಲ್ಲಿ ಬಿಸಿಯಾಗಿ ನಿಲ್ಲುತ್ತದೆ.

ನಾಲ್ಕಲ್ಲ, ಐದು ಕೊಳ್ಳಿ. ಇದು ಪಾರ್ಟ್‌ಟೈಮ್ 4×4, ಅಂದರೆ 4 ಹೈ ಹಾಕಿದಾಗ ಮುಂದು ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳುತ್ತವೆ. ಹಿಂದೆ ಒಂದು ಕಡೆ ಹಳೆಯ 775 ಮಿ.ಮೀ. ಸ್ಟೆಪ್ನಿ ಹಾಕಿ 4 ಹೈ ಹಾಕಿದರೆ ಮುಂದು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳ ಲೆಕ್ಕ ಕೂಡದೆ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ. ಸ್ಟೆಪ್ನಿ ಗಾಡಿಯ ಅಡಿ ನೇತಾಡುವುದರಿಂದ ದೊಡ್ಡದು ಅಲ್ಲಿ ಎಲ್ಲಿಯೂ ತಾಗದೆ ಬಿಗಿಯಾಗಿ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ಏರಿಸಿ ನೋಡಿ. ಐದನ್ನೂ ಸೇರಿಸಿ 8,000 ಕಿ.ಮೀ.ಗೊಮ್ಮೆ ಅದಲುಬದಲು ಮಾಡಿದರೆ ಎಲ್ಲವೂ ಒಂದೇ ಸಮ ಸವೆಯುತ್ತವೆ. ಕೆಒ2ಗೆ ತಿರುಗುವ ದಿಕ್ಕಿನ ಕಟ್ಟುಪಾಡಿಲ್ಲ, ಅಡ್ಡಡ್ಡ ಬದಲಿಸಬಹುದು.

ಕಾನೂನಿನ ಮಾತು ಹೇಳದೆ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ನಿರ್ದಿಷ್ಟತೆಯಿಂದ ಗಾಡಿಯನ್ನು ಬದಲಿಸುವುದಕ್ಕೆ ಮಿತಿ ಹಾಕುತ್ತದೆ. ಫೆಂಡರ್‌ನಿಂದ ಹೊರಗೆ ಚಾಚಿದ ಚಕ್ರ ದಾರಿಯಲ್ಲಿ ಮೊದಲು ಕಣ್ಣಿಗೆ ಬೀಳುತ್ತದೆ. ಟೈರ್ ಬದಲಿಸಿದ್ದನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಅವರ ಉತ್ತರ ಇಟ್ಟುಕೊಳ್ಳಿ. ಮೀಸಲು ಅರಣ್ಯದ ಹಳ್ಳಗಳಿಗೆ ಗಾಡಿ ಇಳಿಸಲು ಯಾವ ಟೈರೂ ಪರವಾನಗಿಯಲ್ಲ.

ಕೊಳ್ಳುವಾಗ ಪಕ್ಕದ ಗೋಡೆಯ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 3524 ಅಂದರೆ 2024ರ 35ನೇ ವಾರ. ಇದರ ಮುಂದಿನ ಪೀಳಿಗೆ ಕೆಒ3 2024ರಲ್ಲಿ ಬಿಡುಗಡೆಯಾದ್ದರಿಂದ ಹಳೆಯ ದಾಸ್ತಾನಿನ ಕೆಒ2 ರಿಯಾಯಿತಿಗೆ ಸಿಗಬಹುದು, ಎರಡು ವರ್ಷಕ್ಕಿಂತ ಹಳತಾಗಿದ್ದರೆ ಬಿಡಿ. ಐದೂ ಒಂದೇ ಲೋಡ್ ಇಂಡೆಕ್ಸ್‌ನವಾಗಿರಲಿ (ಟೈರ್ ಹೊರಬಲ್ಲ ಭಾರದ ಸಂಕೇತ ಸಂಖ್ಯೆ). 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣಿಸಬೇಕು. ನಟ್‌ಗಳನ್ನು ಏರ್ ಗನ್ನಿಂದ ಬಿಗಿದು ಕಳಿಸಲು ಬಿಡಬೇಡಿ, ನಕ್ಷತ್ರದ ಕ್ರಮದಲ್ಲಿ ಟಾರ್ಕ್ ರೆಂಚ್‌ನಿಂದ ಕೈಪಿಡಿಯ ಅಂಕಿಗೆ ಬಿಗಿಸಿ, 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ. ಕೆಸರಿನಿಂದ ಹೊರಬಂದು ಹೆದ್ದಾರಿ ಹತ್ತಿದಾಗ ಸ್ಟೀರಿಂಗ್ ನಡುಗಿದರೆ ಅಲೈನ್‌ಮೆಂಟ್‌ಗೆ ಓಡಬೇಡಿ. ರಿಮ್ಮಿನ ಒಳಬದಿಯಲ್ಲಿ ಒಣಗಿದ ಮಣ್ಣಿನ ಹೆಂಟೆ ಇರುತ್ತದೆ; ಪ್ರೆಷರ್ ವಾಷ್ ಹೊಡೆಸಿ, ಅಂಟಿಸಿದ ಬ್ಯಾಲೆನ್ಸಿಂಗ್ ತೂಕಗಳು ಇನ್ನೂ ಇವೆಯೇ ಎಂದು ಬೆರಳಾಡಿಸಿ ನೋಡಿ.